ಸೈಕಲ್ ಟ್ಯೂಬಿನ ತುಂಡು

ಗಾಡಿಗೆ ರೇಡಿಯೋ ಕೂರಿಸುವಾಗ ಬಣ್ಣ ಕೆರೆಯಲೇಬೇಕು. ಆ್ಯಂಟೆನಾದ ಬುಡವನ್ನು ಹಿಡಿದಿರುವ ಕ್ಲ್ಯಾಂಪು ಗಾಡಿಯ ಬರಿ ಲೋಹಕ್ಕೆ ತಾಕಬೇಕು. ನಡುವೆ ಬಣ್ಣ, ತುಕ್ಕು, ರಬ್ಬರು ಏನೂ ಇರಬಾರದು. ಒಂದು ರೂಪಾಯಿ ನಾಣ್ಯದಷ್ಟು ಜಾಗ ಸಾಕು. ಅಷ್ಟು ಕೆರೆಯದಿದ್ದರೂ ರೇಡಿಯೋದ ದೀಪ ಹತ್ತುತ್ತದೆ, ಮೈಕಿನ ಗುಂಡಿ ಒತ್ತಿದರೆ ಕೆಂಪಗೆ ಉರಿಯುತ್ತದೆ, ಮಾತಾಡಿದವರಿಗೆ ಮಾತಾಡಿದೆವು ಅನ್ನಿಸುತ್ತದೆ. ಮಾತು ಮಾತ್ರ ಗಾಡಿ ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ.

ಇದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಆದ ತಪ್ಪಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಪರವಾಗಿ ಕಾರಣ ಹುಡುಕುವುದು ಬೇಡ.

ನಾನು ಬ್ಯಾಡಗಿಯವಳು. ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದ. ಅವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಸೀಸನ್ನಿನಲ್ಲಿ ಸಂಜೆ ಮನೆಗೆ ಬಂದ ಮೇಲೆ ಅವಳು ನಮ್ಮ ಮುಖ ಮುಟ್ಟುತ್ತಿರಲಿಲ್ಲ. ಎಷ್ಟು ತೊಳೆದರೂ ಬೆರಳಿನ ಖಾರ ಹೋಗುತ್ತಿರಲಿಲ್ಲ, ನಮ್ಮ ಕಣ್ಣು ಉರಿದೀತು ಅಂತ. ನಮ್ಮ ಮನೆತನದಲ್ಲಿ ಹತ್ತನೆಯ ಇಯತ್ತೆ ದಾಟಿದವಳು ನಾನೇ ಮೊದಲು, ಎಲೆಕ್ಟ್ರಾನಿಕ್ಸ್ ಓದಿ ಇಂಜಿನಿಯರ್ ಆದವಳೂ ನಾನೇ. ಎರಡು ವಿಷಯಗಳಲ್ಲಿ ಫೇಲಾಗಿ, ಮತ್ತೆ ಕಟ್ಟಿ, ಪಾಸಾಗಿ ತಗೊಂಡ ಪದವಿ. ಅದರ ಬಗ್ಗೆ ನನಗೆ ಹೆಮ್ಮೆ ಇದೆ. ಹೆಮ್ಮೆ ಇಲ್ಲ ಅಂತ ವಿನಯ ತೋರಿಸುವುದು ಓದಿದವರ ಮಕ್ಕಳಿಗೆ ಸರಿ. ನನಗೆ ಅದು ಸಲೀಸಾಗಿ ಬಂದದ್ದಲ್ಲ.

ಆಕ್ಲೆಂಡಿಗೆ ಬಂದು ಒಂದು ವರ್ಷದ ಕೋರ್ಸು ಮುಗಿಸಿದ ಮೇಲೆ ಪೆನ್‌ರೋಸಿನ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು. ಲಾರಿ, ಕ್ರೇನು, ಇಲ್ಲಿ ಯೂಟ್ ಅಂತ ಕರೆಯುವ ಹಿಂದೆ ತೆರೆದ ಪಿಕಪ್ ಗಾಡಿಗಳಿಗೆ ಟೂ-ವೇ ರೇಡಿಯೋ ಕೂರಿಸುವುದು. ಡ್ಯಾಶ್‌ಬೋರ್ಡ್ ಬಿಚ್ಚುವುದು, ಬ್ಯಾಟರಿಯಿಂದ ತಂತಿ ಎಳೆಯುವುದು, ಫ್ಯೂಸ್ ಹಾಕುವುದು, ಆ್ಯಂಟೆನಾ ನಿಲ್ಲಿಸಿ ಮೀಟರ್ ಹಚ್ಚಿ ಅಳೆಯುವುದು. ಅಳತೆಯನ್ನು ಜಾಬ್ ಕಾರ್ಡಿನಲ್ಲಿ ಬರೆದು ಸಹಿ ಮಾಡಬೇಕು. ಸಹಿ ಇಲ್ಲದೆ ಗಾಡಿ ಅಂಗಳ ದಾಟುವಂತಿಲ್ಲ. ಕಡೆಯಲ್ಲಿ ಅಂಗಳದಿಂದ ಆಫೀಸಿಗೆ ಒಂದು ಕರೆ ಮಾಡುತ್ತೇವೆ, ಕೇಳುತ್ತಿದೆಯಾ ಅಂತ. ನನ್ನ ಪಕ್ಕದಲ್ಲಿ ಕೆಲಸ ಮಾಡುವವನು ಕರೆದರೆ ಆಫೀಸಿನಿಂದ ತಕ್ಷಣ ಉತ್ತರ ಬರುತ್ತಿತ್ತು. ನಾನು ಕರೆದರೆ ತಡವಾಗಿ ಬರುತ್ತಿತ್ತು, ಕೆಲವು ಸಲ ಬರುತ್ತಲೇ ಇರಲಿಲ್ಲ. ನಾನೇ ಒಳಗೆ ಹೋಗಿ ಕೇಳಬೇಕಾಗಿತ್ತು. ಕೇಳಿದರೆ, ಓ, ನೀನಾ ಅದು, ಅನ್ನುತ್ತಿದ್ದರು. ನನ್ನ ಇಂಗ್ಲಿಷು ಅವರಿಗೆ ಕೇಳಿಸುವುದೇ ಹಾಗೆ ಅಂತ ನಾನು ತಿಳಿದುಕೊಂಡಿದ್ದೆ. ಇದನ್ನು ಯಾಕೆ ಬರೆದೆ ಎಂಬುದು ಮುಂದೆ ಬರುತ್ತದೆ.

ಆಕ್ಲೆಂಡಿನದೇ ಇನ್ನೊಂದು ಬಡಾವಣೆ ಹೆಂಡರ್ಸನ್ನಿನಲ್ಲಿ ಸವಣೂರು ಕಡೆಯ ಒಂದು ಮುಸ್ಲಿಂ ಕುಟುಂಬ ಇತ್ತು. ಚಾಚಾ, ಚಾಚಿ, ಇಲ್ಲೇ ಹುಟ್ಟಿದ ಒಬ್ಬಳು ಮಗಳು. ಚಾಚಾ ಊರಲ್ಲಿ ಸೈಕಲ್ ಶಾಪ್ ಇಟ್ಟಿದ್ದವರು. ಇಲ್ಲಿಗೆ ಬಂದು ಹಣ್ಣಿನ ಪ್ಯಾಕ್‌ಹೌಸಿನಲ್ಲಿ ದುಡಿದು, ಆಮೇಲೆ ಈ ದೇಶದವನೇ ಆದ ಒಬ್ಬ ಮುದುಕನ ಹತ್ತಿರ ಜೇನು ಸಾಕುವುದನ್ನು ಕಲಿತು, ತಮ್ಮದೇ ಪೆಟ್ಟಿಗೆಗಳನ್ನು ಮಾಡಿಕೊಂಡಿದ್ದರು. ನನಗೆ ಅವರ ಪರಿಚಯ ಆದದ್ದು ತರಕಾರಿ ಅಂಗಡಿಯಲ್ಲಿ. ಮೆಣಸಿನಕಾಯಿ ಪಾಕೀಟು ಹಿಡಿದು ನಾನು, ಇದು ಬ್ಯಾಡಗಿ ಅಲ್ಲವೇ ಅಲ್ಲ, ಅಂತ ಫೋನಿನಲ್ಲಿ ಅವ್ವನಿಗೆ ಹೇಳುತ್ತಿದ್ದೆ. ಹಿಂದಿನಿಂದ ಒಬ್ಬ ಹೆಂಗಸು, ಹೌದವ್ವಾ, ನಾನೂ ಅದನ್ನ ಹೇಳಾಕತ್ತೇನಿ ಇವರಿಗೆ, ಅಂದಳು. ಅವಳೇ ಚಾಚಿ. ಅವತ್ತಿನಿಂದ ಭಾನುವಾರದ ಊಟ ಅವರ ಮನೆಯಲ್ಲಿ. ಫ್ಲ್ಯಾಟಿನಲ್ಲಿ ಒಬ್ಬಳೇ ಬ್ರೆಡ್ಡು ತಿನ್ನುತ್ತಿದ್ದವಳಿಗೆ ಅದು ಎಷ್ಟಾಗಿತ್ತು ಅಂತ ಈಗ ಬರೆಯಲು ಆಗುವುದಿಲ್ಲ.

ಹೋದ ವರ್ಷ ವಸಂತದ ಹೊತ್ತಿಗೆ ಚಾಚಾರಿಗೆ ಪೈನ್ ಮರದ ಒಂದು ಕಾಡಿನೊಳಗೆ ಪೆಟ್ಟಿಗೆ ಇಡಲು ಅನುಮತಿ ಸಿಕ್ಕಿತು. ಮರ ಕಡಿದು ಸಾಗಿಸುವ ಕಾಡು ಅದು. ಒಳಗಿನ ಮಣ್ಣು ರಸ್ತೆಯಲ್ಲಿ ದಿಮ್ಮಿ ತುಂಬಿದ ಟ್ರಕ್ಕುಗಳು ಓಡಾಡುತ್ತವೆ. ಒಂದೊಂದು ಕಿಲೋಮೀಟರಿಗೆ ಒಂದು ಬೋರ್ಡು ಇರುತ್ತದೆ. ಬೋರ್ಡು ಕಂಡಾಗಲೆಲ್ಲ ರೇಡಿಯೋದಲ್ಲಿ, ನಾನು ಇಂಥ ಗಾಡಿ, ಇಷ್ಟನೇ ಕಿಲೋಮೀಟರಿನಲ್ಲಿದ್ದೇನೆ, ಒಳಗೆ ಹೋಗುತ್ತಿದ್ದೇನೆ ಅಂತ ಕೂಗಿ ಹೇಳಬೇಕು. ಎಂಟರಿಂದ ಹನ್ನೊಂದರವರೆಗೆ ರಸ್ತೆ ಒಂದೇ ಗಾಡಿಯಷ್ಟು ಅಗಲ. ಅಲ್ಲಿ ಯಾರು ಮೊದಲು ಕೂಗಿ ಒಳಗೆ ಬಂದರೋ ದಾರಿ ಅವರದು. ಇನ್ನೊಬ್ಬರು ಆಚೆ ಕೊನೆಯ ಅಗಲ ಜಾಗದಲ್ಲಿ ನಿಂತು ಕಾಯಬೇಕು. ರೇಡಿಯೋ ಇಲ್ಲದ ಗಾಡಿಯನ್ನು ಗೇಟಿನ ಒಳಗೇ ಬಿಡುವುದಿಲ್ಲ.

ಚಾಚಾ ಹೊಸ ಯೂಟ್ ತಗೊಂಡಿದ್ದರು. ಅವರ ಬದುಕಿನ ಮೊದಲ ಹೊಸ ಗಾಡಿ. ಸೀಟಿನ ಪ್ಲಾಸ್ಟಿಕ್ಕು ತೆಗೆದಿರಲಿಲ್ಲ. ಒಂದು ಭಾನುವಾರ ದುವಾ ಮಾಡಿಸಿ, ನೆಂಟರಿಷ್ಟರಿಗೆ ಬಿರಿಯಾನಿ ಇಟ್ಟು, ನನಗೆ ಸಾಮಾನು ತಗೊಂಡು ಬಾ ಅಂದಿದ್ದರು. ವರ್ಕ್‌ಶಾಪಿಗೆ ತಂದುಬಿಡಿ ಚಾಚಾ, ಅಂತ ನಾನು ಒಂದು ಸಲ ಹೇಳಿದೆ. ಮನೆಯ ಮಗಳು ಇರುವಾಗ ವರ್ಕ್‌ಶಾಪು ಯಾಕೆ ಅಂದರು. ಎರಡನೆಯ ಸಲ ನಾನು ಹೇಳಲಿಲ್ಲ.

ಅವತ್ತು ಡ್ರೈವ್‌ವೇಯಲ್ಲಿ ಹದಿನೈದು ಜನ ಗಂಡಸರು ಗಾಡಿಯ ಸುತ್ತ ನಿಂತಿದ್ದರು. ನಾನು ಟೂಲ್ ಬ್ಯಾಗು ಹೊತ್ತು ಗೇಟಿನಲ್ಲಿ ಕಾಣಿಸುತ್ತಲೇ ಚಾಚಾ ಕೂಗಿ ಹೇಳಿದರು: "ಇಂಜಿನಿಯರ್ ಸಾಹೇಬ್ರು ಬಂದ್ರು, ಖುರ್ಚಿ ಹಾಕ್ರಿ." ಎಲ್ಲರೂ ನಕ್ಕರು. ಒಬ್ಬರು, ಈ ಹುಡುಗಿ ಹಾಕ್ತಾಳೇನು ಅಂತ ಕೇಳಿದರು. ಚಾಚಾ ನನ್ನ ಅಪ್ಪನ ಹಮಾಲಿಯಿಂದ ಹಿಡಿದು ಪದವಿಯ ತನಕ ಎಲ್ಲ ಹೇಳಿದರು. ನಾನು ಯೂಟಿನ ಕೆಳಗೆ ಮಲಗಿಕೊಂಡು ಕೇಳುತ್ತಿದ್ದೆ. ಸುಳ್ಳು ಯಾಕೆ, ಹಿತವಾಗಿತ್ತು.

ತಂತಿ ಚೆನ್ನಾಗಿಯೇ ಎಳೆದೆ. ಫ್ಯೂಸು ಸರಿಯಾಗಿಯೇ ಹಾಕಿದೆ. ರೇಡಿಯೋದ ಜೊತೆಗೆ ಒಂದು ಸ್ಕ್ಯಾನರೂ ಬೇಕಾಗಿತ್ತು ಅವರಿಗೆ, ಅಕ್ಕಪಕ್ಕದ ರಸ್ತೆಗಳ ಮಾತು, ಬೆಂಕಿಯ ಸುದ್ದಿ ಎಲ್ಲ ಕೇಳಲು. ಅದು ಬರಿ ಕೇಳುವ ಯಂತ್ರ, ಅದರಿಂದ ಮಾತಾಡಲು ಬರುವುದಿಲ್ಲ. ಅದರ ಗಿಡ್ಡ ಆ್ಯಂಟೆನಾ ಅಯಸ್ಕಾಂತದ್ದು, ಟಾಪಿನ ಮೇಲೆ ಅಂಟಿ ಕೂತಿತು. ರೇಡಿಯೋದ ಎತ್ತರದ ಆ್ಯಂಟೆನಾ ಮಣ್ಣುರಸ್ತೆಯ ಕುಲುಕಿಗೆ ಅಯಸ್ಕಾಂತದಿಂದ ನಿಲ್ಲುವುದಿಲ್ಲ. ಅದಕ್ಕೆ ಬಾನೆಟ್ಟಿನ ಅಂಚಿಗೆ ಹಿಡಿಯುವ ಕ್ಲ್ಯಾಂಪು ತಂದಿದ್ದೆ. ಕ್ಲ್ಯಾಂಪಿನ ಎರಡು ಚೂಪು ಸ್ಕ್ರೂಗಳು ಬಣ್ಣ ಕಚ್ಚಿ ಒಳಗಿನ ಲೋಹ ಮುಟ್ಟಬೇಕು. ನಾನು ಮರಳು ಕಾಗದ ತೆಗೆದೆ.

ಚಾಚಿ ತಟ್ಟೆಯಲ್ಲಿ ಮಿಠಾಯಿ ಹಿಡಿದುಕೊಂಡು ಅಲ್ಲೇ ನಿಂತಿದ್ದರು. ಮರಳು ಕಾಗದ ನೋಡಿ ಅವರ ಮುಖ ಸಣ್ಣದಾಯಿತು.

"ಬೇಟಾ, ದುವಾ ಮಾಡಿ ಇನ್ನೂ ಎರಡು ತಾಸ ಆಗಿಲ್ಲ. ಹೊಸಾ ಗಾಡಿಗೆ ಮದಲನೇ ಗೀರು ನಮ್ಮ ಕೈಲೇನ ಬ್ಯಾಡ."

ನನಗೆ ಆ ಮಾತು ಅರ್ಥವಾಯಿತು. ಅದು ಅರ್ಥವಾಗದ ಮೆಕ್ಯಾನಿಕ್ ಆಗಿದ್ದರೆ, ಪೆನ್‌ರೋಸಿನಲ್ಲಿ ನನ್ನ ಪಕ್ಕದಲ್ಲಿ ಕೆಲಸ ಮಾಡುವವನಾಗಿದ್ದರೆ, ನಕ್ಕು ಕೆರೆದುಬಿಡುತ್ತಿದ್ದ. ನಮ್ಮ ಮನೆಗೆ ಮೊದಲ ಟಿವಿ ಬಂದಾಗ ಅಪ್ಪ ಅದರ ಮೇಲಿನ ಸ್ಟಿಕ್ಕರು ಕೀಳಲು ಮೂರು ವರ್ಷ ಬಿಟ್ಟಿರಲಿಲ್ಲ. ನಾನು ತಡೆದು ನಿಂತೆ. ಚಾಚಾ ಗ್ಯಾರೇಜಿಗೆ ಹೋಗಿ ತಮ್ಮ ಹಳೆಯ ಡಬ್ಬಿಯಿಂದ ಸೈಕಲ್ ಟ್ಯೂಬಿನ ಒಂದು ತುಂಡು ತಂದರು, ಕತ್ತರಿಯಿಂದ ಅಂದವಾಗಿ ಪಟ್ಟಿ ಕತ್ತರಿಸಿಕೊಟ್ಟರು. ಸ್ಕ್ರೂ ಕೆಳಗೆ ಇದನ್ನ ಇಡು, ಬಣ್ಣಕ್ಕ ಏನೂ ಆಗಂಗಿಲ್ಲ, ಅಂದರು. ಸೈಕಲ್ಲಿನ ಡೈನಮೋಗೆ, ಕ್ಯಾರಿಯರಿಗೆ ಎಷ್ಟೋ ವರ್ಷ ಹಾಗೆಯೇ ಮಾಡಿದವರು ಅವರು. ಅವರಿಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು.

ನಾನು ಇಟ್ಟೆ.

ಆಮೇಲೆ ಮೀಟರ್ ಹಚ್ಚಿ ನೋಡಬೇಕಾಗಿತ್ತು. ಹಚ್ಚಿದ್ದರೆ ಮುಳ್ಳು ಅಲ್ಲೇ ಹೇಳಿಬಿಡುತ್ತಿತ್ತು. ಮೀಟರು ವರ್ಕ್‌ಶಾಪಿನ ಕಪಾಟಿನಲ್ಲಿತ್ತು, ಭಾನುವಾರ ಬೀಗ. ಮುಂದಿನ ವಾರ ತಂದು ನೋಡುತ್ತೇನೆ, ಅಲ್ಲಿಯತನಕ ಕಾಡಿಗೆ ಹೋಗಬೇಡಿ, ಅಂತ ಹೇಳಲು ಬಾಯಿ ತೆರೆದೆ. ಹದಿನೈದು ಜನ ನೋಡುತ್ತಿದ್ದರು. ಸಾಹೇಬರ ಕೆಲಸ ಅರ್ಧಕ್ಕೇ ನಿಂತಿತು ಅಂತ ಯಾರಾದರೂ ಅಂದಾರು ಅನ್ನಿಸಿತು. ಅದರ ಬದಲು ನಾನು ಕೈಯಲ್ಲಿ ಹಿಡಿಯುವ ಸಣ್ಣ ರೇಡಿಯೋ ತಗೊಂಡು ಗೇಟಿನ ಹತ್ತಿರ ಹೋಗಿ ನಿಂತೆ. ಗಾಡಿಯಿಂದ ಚಾಚಿ ಮಾತಾಡಿದರು. ಐವತ್ತು ಹೆಜ್ಜೆ. ಐವತ್ತು ಹೆಜ್ಜೆಗೆ ಯಾವ ರೇಡಿಯೋ ಆದರೂ ಕೇಳುತ್ತದೆ. ನಾನು ಹೆಬ್ಬೆರಳು ಎತ್ತಿ, ಲೌಡ್ ಆ್ಯಂಡ್ ಕ್ಲಿಯರ್, ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಬಿರಿಯಾನಿ ಬಡಿಸಿದರು.

ಆ ಸೀಸನ್ನಿನಲ್ಲಿ ಕಾಡಿಗೆ ಹೋಗುವಾಗ ಚಾಚಿಯೂ ಜೊತೆಗೆ ಹೋಗುತ್ತಿದ್ದರು. ಚಾಚಾ ಗಾಡಿ ಓಡಿಸುವುದು, ಚಾಚಿ ಮೈಕು ಹಿಡಿಯುವುದು. ಇಪ್ಪತ್ತೈದು ವರ್ಷ ಈ ದೇಶದಲ್ಲಿದ್ದರೂ ಚಾಚಿ ಇಂಗ್ಲಿಷನ್ನು ಅಂಗಡಿಯಲ್ಲಿ ಎಷ್ಟು ಬೇಕೋ ಅಷ್ಟೇ ಆಡಿದವರು. ಈಗ ಮನೆಯಲ್ಲಿ ಅನ್ನಕ್ಕೆ ಇಟ್ಟು ಅಭ್ಯಾಸ ಮಾಡುತ್ತಿದ್ದರು: "ಬೀ ಯೂಟ್, ಸೆವೆನ್ ಕೇ, ಗೋಯಿಂಗ್ ಇನ್, ಥ್ಯಾಂಕ್ಯೂ." ಜೇನಿನ ಗಾಡಿ, ಏಳನೆಯ ಕಿಲೋಮೀಟರು, ಒಳಗೆ ಹೋಗುತ್ತಿದ್ದೇವೆ ಅಂತ. ಥ್ಯಾಂಕ್ಯೂ ಬೇಕಾಗಿಲ್ಲ ಮಮ್, ಅಂತ ಮಗಳು ಇಂಗ್ಲಿಷಿನಲ್ಲಿ ರೇಗಿಸುತ್ತಿದ್ದಳು. ದಾರಿ ಕೇಳೂಮುಂದ ಥ್ಯಾಂಕ್ಯೂ ಅನಬ್ಯಾಡೇನು, ಅನ್ನುತ್ತಿದ್ದರು ಚಾಚಿ.

ಮೂರೋ ನಾಲ್ಕೋ ವಾರ ಆದ ಮೇಲೆ ಅವರು ನನಗೆ ಫೋನ್ ಮಾಡಿದರು. ಕಾಡಿನಿಂದ ವಾಪಸು ಬರುವ ದಾರಿ. ಗಾಡಿಯ ಸ್ಪೀಕರಿನಲ್ಲಿ ಮಾತಾಡುತ್ತಿದ್ದರು, ಚಾಚಾ ಪಕ್ಕದಲ್ಲಿ ಕೆಮ್ಮುವುದು ಕೇಳುತ್ತಿತ್ತು. ಪೆಟ್ಟಿಗೆ, ಜೇನು, ಊಟ ಎಲ್ಲ ಆಗಿ ಕೊನೆಗೆ ಒಂದು ಮಾತು ಹೇಳಿದರು.

"ಯವ್ವಾ, ಒಂದು ಕೇಳ್ತೀನಿ. ಡಬ್ಬಿಯೊಳಗ ಅವರವರು ಮಾತಾಡೂದು ಎಲ್ಲಾ ಸ್ವಚ್ಛ ಕೇಳಸ್ತೈತಿ. ಒಬ್ರಿಗೊಬ್ರು ಜವಾಬು ಕೊಡ್ತಾರ. ನಮಗ ಮಾತ್ರ ಒಬ್ರೂ ಕೊಡಂಗಿಲ್ಲ."

ಡಬ್ಬಿ ಅಂದರೆ ಸ್ಕ್ಯಾನರು. ಅದರದು ಬೇರೆ ಆ್ಯಂಟೆನಾ, ಅದಕ್ಕೆ ಎಲ್ಲ ಕೇಳುತ್ತದೆ. ತನಗೆ ಎಲ್ಲರದೂ ಕೇಳುತ್ತದೆ, ತನ್ನದು ಯಾರಿಗೂ ಕೇಳಿಸುತ್ತಿಲ್ಲ. ಇದಕ್ಕಿಂತ ಬಿಡಿಸಿ ಯಾವ ಗಿರಾಕಿಯೂ ದೋಷ ಹೇಳಲಾರ. ವರ್ಕ್‌ಶಾಪಿಗೆ ಬಂದು ಯಾರಾದರೂ ಈ ಮಾತು ಹೇಳಿದ್ದರೆ ನನ್ನ ಕೈ ತಾನಾಗಿಯೇ ಮೀಟರಿಗೆ ಹೋಗುತ್ತಿತ್ತು.

ಅವತ್ತು ನನಗೆ ರೇಡಿಯೋ ನೆನಪಾಗಲಿಲ್ಲ. ನೆನಪಾದದ್ದು ಆಫೀಸಿನವರು. ಅದೇ ದಿನ ಬೆಳಿಗ್ಗೆ ಅಂಗಳದಿಂದ ನಾನು ಎರಡು ಸಲ ಕರೆದು ಉತ್ತರವಿಲ್ಲದೆ ಒಳಗೆ ನಡೆದುಹೋಗಿದ್ದೆ. ಆ ಕಹಿ ಇನ್ನೂ ಬಾಯಲ್ಲಿತ್ತು.

"ಇರಲಿ ಬಿಡ್ರಿ ಚಾಚಿ, ಇಲ್ಲೀ ಮಂದಿ ಹಂಗ. ನಮ್ಮ ದನಿ ಕೇಳಿದ್ರ ಸುಮ್ನಾಗ್ತಾರ. ಕೇಳಿರ್ತಾರ, ಜವಾಬು ಕೊಡಂಗಿಲ್ಲ ಅಷ್ಟ. ನೀವು ಹೇಳೂದು ಬಿಡಬ್ಯಾಡ್ರಿ."

ಚಾಚಿ, ಹೌದು ಬಿಡು, ಅಂದರು. ಚಾಚಾ ಹಿಂದಿನಿಂದ ಏನೋ ಬೈದರು. ನಾವು ಮೂವರೂ ಸ್ವಲ್ಪ ನಕ್ಕೆವು ಕೂಡ, ಒಂದೇ ಕಡೆ ಪೆಟ್ಟು ತಿಂದವರು ನಗುವ ಹಾಗೆ.

ಆ ಫೋನಾಗಿ ಆರು ವಾರಕ್ಕೆ, ಒಂದು ಮಂಗಳವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಅವರ ಮಗಳ ಫೋನು ಬಂತು. ನಾನು ಒಂದು ಕ್ರೇನಿನ ಕ್ಯಾಬಿನೊಳಗೆ ಇದ್ದೆ. ಆ ಹುಡುಗಿ ಇಂಗ್ಲಿಷಿನಲ್ಲಿ ಮೂರು ವಾಕ್ಯ ಹೇಳಿದಳು. ಕಾಡಿನ ರಸ್ತೆಯಲ್ಲಿ ಟ್ರಕ್ಕು ಎದುರಿನಿಂದ ಗುದ್ದಿತು. ಅಪ್ಪನನ್ನು ಹೆಲಿಕಾಪ್ಟರಿನಲ್ಲಿ ತಂದಿದ್ದಾರೆ. ಅಮ್ಮ ಇಲ್ಲ.

ಚಾಚಿಯ ಮಣ್ಣು ಆದಾಗ ಚಾಚಾ ಆಪರೇಷನ್ ಟೇಬಲ್ಲಿನ ಮೇಲಿದ್ದರು. ಎರಡೂ ಕಾಲಿನ ಎಲುಬು, ಸೊಂಟ. ನಾನು ಹೆಂಗಸರ ನಡುವೆ ಕೂತಿದ್ದೆ. ಅಲ್ಲಿ ಆಗಲೇ ಮಾತು ಶುರುವಾಗಿತ್ತು. ಟ್ರಕ್ಕಿನವನು ಏನೂ ಕೇಳಿಸಲಿಲ್ಲ ಅಂದನಂತೆ. ಪಾಪ, ಮಾತಾಡುತ್ತ ಮೈಕು ಮರೆತಿರಬೇಕು. ಇಂಗ್ಲಿಷು ತೊದಲಿರಬೇಕು. ವಯಸ್ಸಾದವರು ಯಾಕೆ ಹೋಗಬೇಕಿತ್ತು. ಮಗಳು ಗೋಡೆಗೆ ಒರಗಿ ಕೂತು ಎಲ್ಲ ಕೇಳುತ್ತಿದ್ದಳು. ಕನ್ನಡ ಆಡಲು ಬರದಿದ್ದರೂ ತಿಳಿಯುತ್ತದೆ ಅವಳಿಗೆ. ಎದ್ದು ಹೋಗುವಾಗ ನನ್ನ ಹತ್ತಿರ ನಿಂತು, "ಶೀ ಹ್ಯಾಡ್ ಒನ್ ಜಾಬ್," ಅಂದಳು. ಅವಳಿಗೆ ಒಂದೇ ಕೆಲಸ ಇತ್ತು ಅಂತ. ಆ ಮಾತಿನಲ್ಲಿದ್ದ ಸಿಟ್ಟು ದುಃಖದ್ದೇ. ಆದರೂ ಅದು ಸತ್ತವಳ ಮೇಲೆ ಬಿತ್ತು.

ನನ್ನ ಕಾರಿಗೆ ವಾಪಸು ಬಂದು ಕೂತೆ. ನನ್ನದೂ ಹಳೆಯ ಜಪಾನಿ ಕಾರು, ಅದರಲ್ಲೂ ನಾನೇ ಕೂರಿಸಿಕೊಂಡ ಒಂದು ರೇಡಿಯೋ, ಒಂದು ಸ್ಕ್ಯಾನರು ಇದೆ. ಬಾನೆಟ್ಟಿನ ಅಂಚಿನಲ್ಲಿ ಅದೇ ತರಹದ ಕ್ಲ್ಯಾಂಪು. ಸುತ್ತ ನಾನು ಕೆರೆದ ಜಾಗ ತುಕ್ಕು ಹಿಡಿದು ಕಂದಾಗಿದೆ. ಕೀಲಿ ತಿರುಗಿಸದೆ ಅದನ್ನೇ ನೋಡುತ್ತ ಕೂತಾಗ ಫೋನಿನ ಆ ಮಾತು ನೆನಪಾಯಿತು: ನಮಗ ಮಾತ್ರ ಒಬ್ರೂ ಕೊಡಂಗಿಲ್ಲ. ಎಲ್ಲ ಒಂದೇ ಸಲಕ್ಕೆ ತಿಳಿಯಿತು. ಕಾರಿನಿಂದ ಇಳಿದು ಹೋಗಿ ಆ ಕೆರೆದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದೆ.

ಅವತ್ತು ಯಾರಿಗೂ ಹೇಳಲಿಲ್ಲ. ಮರುದಿನವೂ ಇಲ್ಲ. ಒಂಬತ್ತು ದಿನ ಹೇಳಲಿಲ್ಲ. ಕೆಲಸಕ್ಕೆ ಹೋದೆ, ಜಾಬ್ ಕಾರ್ಡುಗಳಿಗೆ ಸಹಿ ಮಾಡಿದೆ. ಅವ್ವನ ಫೋನು ಎತ್ತಲಿಲ್ಲ. ಚಾಚಾರ ಗಾಡಿಗೆ ಜಾಬ್ ಕಾರ್ಡು ಇರಲಿಲ್ಲ, ಸಹಿ ಇರಲಿಲ್ಲ, ಯಾವ ಕಾಗದದಲ್ಲೂ ನಾನು ಇರಲಿಲ್ಲ. ಸುಮ್ಮನಿದ್ದರೆ ಸುಮ್ಮನಿರಬಹುದಾಗಿತ್ತು. ಕೆಲಸ ಹೋದರೆ ವೀಸಾ ಏನಾಗುತ್ತದೆ ಎಂಬುದೂ ತಲೆಯಲ್ಲಿತ್ತು. ಅದಕ್ಕಿಂತ ಹೆಚ್ಚಾಗಿ ಇದ್ದದ್ದು, ಬ್ಯಾಡಗಿಯ ನಮ್ಮ ಮನೆಯ ಗೋಡೆಯ ಮೇಲೆ ಗಾಜು ಹಾಕಿಸಿ ಅಪ್ಪ ತೂಗುಹಾಕಿದ ನನ್ನ ಪದವಿಯ ಕಾಗದ.

ಹತ್ತನೆಯ ದಿನ ಮಗಳು ಫೋನ್ ಮಾಡಿದಳು. ತನಿಖೆಯ ಅಧಿಕಾರಿ ಆಸ್ಪತ್ರೆಗೆ ಬರುತ್ತಾರೆ, ಅಪ್ಪ ಕನ್ನಡದಲ್ಲೇ ಹೇಳುತ್ತೇನೆ ಅನ್ನುತ್ತಿದ್ದಾರೆ, ಫೋನಿನಲ್ಲಿ ಹಚ್ಚಿಕೊಟ್ಟ ದುಭಾಷಿಯ ಬೆಂಗಳೂರು ಕನ್ನಡ ಅವರಿಗೆ ಹಿಡಿಸುತ್ತಿಲ್ಲ, ಮನೆಯವಳು ಅಂತ ತಾನು ಕೂರುವಂತಿಲ್ಲ, ನೀನು ಬರುತ್ತೀಯಾ. ಬರುತ್ತೇನೆ ಅಂದೆ.

ಅಧಿಕಾರಿ ಐವತ್ತರ ಆಸುಪಾಸಿನ ಹೆಂಗಸು, ಮೆಲುದನಿಯವಳು. ಈ ಕುಟುಂಬ ನಿನಗೆ ಗೊತ್ತಾ ಅಂತ ನನ್ನನ್ನು ಕೇಳಿದಳು. ಗೊತ್ತು ಅಂದೆ. ಅಷ್ಟೇ ಅಂದೆ. ಚಾಚಾ ಹಾಸಿಗೆಯಲ್ಲಿ ಅರ್ಧಕ್ಕರ್ಧ ಇಳಿದುಹೋಗಿದ್ದರು. ನನ್ನನ್ನು ನೋಡಿ ಕೈ ಚಾಚಿದರು, ನಾನು ಹಿಡಿದುಕೊಂಡೆ.

ಅವರು ಹೇಳಿದ್ದನ್ನು ನಾನು ಇಂಗ್ಲಿಷಿಗೆ ಹೇಳುತ್ತ ಹೋದೆ. ಏಳನೆಯ ಬೋರ್ಡಿಗೆ ಹೆಂಡತಿ ಕೂಗಿದಳು. ಎಂಟಕ್ಕೆ, ಕಿರಿದಾದ ರಸ್ತೆ ಶುರುವಾಗುವಲ್ಲಿ, ಮತ್ತೆ ಕೂಗಿದಳು. ಸ್ವಲ್ಪ ಹೊತ್ತಿಗೆ ಡಬ್ಬಿಯಲ್ಲಿ ಟ್ರಕ್ಕಿನವನ ದನಿ ಬಂತು, ತುಂಬಿದ ಗಾಡಿ, ಹನ್ನೊಂದು, ಹೊರಗೆ ಬರುತ್ತಿದ್ದೇನೆ ಅಂತ. ಅವಳು ಮತ್ತೆ ಮೈಕು ಹಿಡಿದು, ನಾವು ಒಳಗಿದ್ದೇವೆ, ವೇಟ್ ಪ್ಲೀಸ್, ಥ್ಯಾಂಕ್ಯೂ, ಅಂದಳು.

ಅವನು ಉತ್ತರ ಕೊಟ್ಟನಾ, ಅಂತ ಅಧಿಕಾರಿ ಕೇಳಿದಳು. ನಾನು ಕನ್ನಡಕ್ಕೆ ಹೇಳಿದೆ.

"ಇಲ್ಲ," ಅಂದರು ಚಾಚಾ. "ಅವ್ರು ಯಾವತ್ತು ಕೊಟ್ಟಾರ ಜವಾಬು? ಕೇಳಿರ್ತಾನ, ನಿಲ್ತಾನ ಅಂತ ನಾ ಮುಂದ ನಡದೆ."

ಇದನ್ನು ಇಂಗ್ಲಿಷಿಗೆ ಹೇಳುವಾಗ ನನ್ನ ದನಿ ನನಗೇ ಬೇರೆಯವರದು ಅನ್ನಿಸಿತು. ಕೇಳಿರ್ತಾರ, ಜವಾಬು ಕೊಡಂಗಿಲ್ಲ ಅಷ್ಟ. ಅದು ನಾನು ಅವರಿಗೆ ಕೊಟ್ಟ ಮಾತು. ಅದನ್ನೇ ನಂಬಿ ಮುಂದೆ ಹೋಗಿದ್ದರು.

ಅಧಿಕಾರಿ ತನ್ನ ಕಾಗದ ನೋಡಿಕೊಂಡು, ಟ್ರಕ್ಕಿನವನ ಹೇಳಿಕೆಯನ್ನು ಚಾಚಾರಿಗೆ ತಿಳಿಸಲು ಹೇಳಿದಳು. ಅವನು ಆ ರಸ್ತೆಯಲ್ಲಿ ಹನ್ನೆರಡು ವರ್ಷದಿಂದ ಓಡಿಸುತ್ತಿದ್ದಾನೆ. ಯಾರು ಕೂಗಿದರೂ ನಿಲ್ಲುತ್ತಾನೆ. ಆ ರಸ್ತೆಯ ರೇಡಿಯೋದಲ್ಲಿ ಹೆಂಗಸಿನ ದನಿಯನ್ನು ಅವನು ಒಂದೇ ಒಂದು ದಿನವೂ ಕೇಳಿಲ್ಲ. ಗುದ್ದಿದ ಮೇಲೆ ಇಳಿದು ಬಂದು, ಹೆಲಿಕಾಪ್ಟರು ಬರುವ ತನಕ ನೆಲದ ಮೇಲೆ ಕೂತು ಚಾಚಿಯ ಕೈ ಹಿಡಿದುಕೊಂಡಿದ್ದನು.

ಚಾಚಾರ ಮುಖದಲ್ಲಿ ಒಂದು ಅಂಜಿಕೆ ಬಂತು, ಸಾವಿನದಕ್ಕಿಂತ ಬೇರೆ ತರಹದ ಅಂಜಿಕೆ.

"ನಾ ಕೇಳಿದ್ದು ಖರೇನೋ ಸುಳ್ಳೋ ಈಗ ನನಗ ತಿಳೀವಲ್ದು. ಎಲ್ಲಾರೂ ಅಕಿ ಕೂಗಲೇ ಇಲ್ಲ ಅಂತಾರ. ಮಗಳೂ ಅಂತಾಳ. ನೀ ಓದಿದಾಕಿ ಅದಿ, ನೀನ ಹೇಳು. ಮೈಕಿನ್ಯಾಗ ಮಾತಾಡಿದ್ದು ಹೊರಗ ಹೋಗದಂಗ ಆಗ್ತೈತೇನು?"

ಅಧಿಕಾರಿ ನನ್ನತ್ತ ನೋಡಿದಳು, ಏನು ಹೇಳಿದರು ಅಂತ. ನಾನು ಉತ್ತರಿಸುವ ಮೊದಲೇ ತನ್ನ ಟ್ಯಾಬ್ಲೆಟ್ಟಿನಲ್ಲಿ ಒಂದು ಫೋಟೋ ತೋರಿಸಿದಳು. ನಜ್ಜುಗುಜ್ಜಾದ ಬಾನೆಟ್ಟು. ಅಂಚಿನಲ್ಲಿ ಕ್ಲ್ಯಾಂಪು ಹಾಗೆಯೇ ಇತ್ತು, ಸ್ಕ್ರೂ ಕೆಳಗೆ ಕಪ್ಪು ಪಟ್ಟಿ. ಇನ್ನೊಂದು ಫೋಟೋದಲ್ಲಿ ಪಟ್ಟಿಯನ್ನು ಸರಿಸಿದ್ದರು. ಆ ಗಾಡಿಯಲ್ಲಿ ಗೀರು ಬೀಳದೆ ಉಳಿದಿದ್ದ ಜಾಗ ಅದೊಂದೇ ಇರಬೇಕು, ಶೋರೂಮಿನಲ್ಲಿ ಹೊಳೆದ ಹಾಗೇ ಹೊಳೆಯುತ್ತಿತ್ತು. ಈ ರೇಡಿಯೋ ಯಾರು ಕೂರಿಸಿದ್ದು ಅಂತ ಕೇಳು, ಅಂದಳು.

ಕೇಳಿದೆ.

ಚಾಚಾರ ಮುಖದಲ್ಲಿ ಆ ಸ್ಥಿತಿಯಲ್ಲೂ ಒಂದು ಗಳಿಗೆ ಹಳೆಯ ಕಳೆ ಬಂತು. "ಈ ಹುಡುಗೀನ," ಅಂದರು. "ನಮ್ಮ ಇಂಜಿನಿಯರ್. ಒಂದು ಗೀರು ಬಿದ್ದಿಲ್ಲ ನೋಡು ಅಂತ ಹೇಳು ಅವರಿಗೆ."

ಇದನ್ನು ನಾನೇ ಇಂಗ್ಲಿಷಿಗೆ ಹೇಳಬೇಕಾಗಿತ್ತು. ಬೇರೆ ಏನನ್ನಾದರೂ ಹೇಳಬಹುದಾಗಿತ್ತು. ಆ ಕೋಣೆಯಲ್ಲಿ ಎರಡೂ ಭಾಷೆ ಪೂರ್ತಿ ತಿಳಿದವಳು ನಾನೊಬ್ಬಳೇ.

ಹೇಳಿದೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ಹೇಳಿದೆ, ಗೀರಿನ ಮಾತನ್ನೂ ಬಿಡದೆ. ಆಮೇಲೆ ಇನ್ನು ಮುಂದಿನದು ನನ್ನ ಮಾತು ಅಂತ ತಿಳಿಸಿ, ಪಟ್ಟಿ ಏನು, ಯಾಕೆ ಇಟ್ಟೆ, ಅದರಿಂದ ಏನಾಗುತ್ತದೆ, ಮೀಟರ್ ಹಚ್ಚಲಿಲ್ಲ, ಐವತ್ತು ಹೆಜ್ಜೆಯಲ್ಲಿ ನಿಂತು ಸರಿ ಇದೆ ಅಂದೆ, ಎಲ್ಲವನ್ನೂ ಹೇಳಿದೆ. ಅಧಿಕಾರಿ ಬರೆಯುವುದನ್ನು ನಿಲ್ಲಿಸಿದಳು. ಇನ್ನು ನೀನು ದುಭಾಷಿಯಾಗಿ ಇಲ್ಲಿ ಕೂರುವಂತಿಲ್ಲ, ನಿನ್ನ ಹೇಳಿಕೆ ಬೇರೆ ತಗೊಳ್ಳಬೇಕಾಗುತ್ತದೆ, ಅಂದಳು. ಗದರಿಸಲಿಲ್ಲ. ನಾನು, ಒಂದು ನಿಮಿಷ, ಅವರ ಪ್ರಶ್ನೆಗೆ ಉತ್ತರ ಬಾಕಿ ಇದೆ, ಅಂದೆ.

"ಚಾಚಾ, ಚಾಚಿ ಕೂಗಿದ್ರು. ಏಳಕ್ಕೂ ಕೂಗಿದ್ರು, ಎಂಟಕ್ಕೂ ಕೂಗಿದ್ರು. ನೀವು ಕೇಳಿದ್ದು ಖರೇ. ಹೊರಗ ಹೋಗಲಿಲ್ಲ. ನಾ ಹಾಕಿದ್ದು ಸರಿ ಇರಲಿಲ್ಲ."

ನನ್ನ ಕೈಯಲ್ಲಿದ್ದ ಅವರ ಕೈ ಅಲ್ಲೇ ಇತ್ತು. ನಿಧಾನವಾಗಿ ಅದನ್ನು ತೆಗೆದುಕೊಂಡರು.

ಅದೇ ಸಂಜೆ ವರ್ಕ್‌ಶಾಪಿನ ಯಜಮಾನನಿಗೂ ಹೇಳಿದೆ. ಅವನು ಕೆಲಸದಿಂದ ತೆಗೆಯಲಿಲ್ಲ. ಆದರೆ ಆಮೇಲೆ ಆರು ತಿಂಗಳು ನಾನು ಮಾಡಿದ ಪ್ರತಿ ಗಾಡಿಗೂ ಇನ್ನೊಬ್ಬರ ಸಹಿ ಬೇಕಾಯಿತು. ನನಗಿಂತ ನಾಲ್ಕು ವರ್ಷ ಚಿಕ್ಕವನು ಬಂದು ನನ್ನ ಮೀಟರಿನ ಮುಳ್ಳು ನೋಡಿ ತಲೆಯಾಡಿಸುತ್ತಿದ್ದ. ಸರಿಯಾಗಿಯೇ ಇತ್ತು ಅದು, ಹಾಗೇ ಆಗಬೇಕಾಗಿತ್ತು.

ನಲವತ್ತನೆಯ ದಿನದ ಫಾತಿಹಾಕ್ಕೆ ನನ್ನನ್ನು ಯಾರೂ ಕರೆದಿರಲಿಲ್ಲ. ಹಿಂದಿನ ದಿನ ಮಗಳು ಮೆಸೇಜ್ ಕಳಿಸಿದಳು, ಅಪ್ಪ ನೀನು ಬರಬೇಕು ಅನ್ನುತ್ತಿದ್ದಾರೆ, ಅಷ್ಟೇ. ಹೆಂಡರ್ಸನ್ನಿನ ಅದೇ ಡ್ರೈವ್‌ವೇ. ಯೂಟ್ ನಿಂತಿದ್ದ ಜಾಗದಲ್ಲಿ ಖುರ್ಚಿಗಳು. ಚಾಚಾ ವೀಲ್‌ಚೇರಿನಲ್ಲಿದ್ದರು. ಅವತ್ತಿನ ಹದಿನೈದು ಜನರಲ್ಲಿ ಹೆಚ್ಚಿನವರು ಇದ್ದರು, ಹೆಂಗಸರು ಒಳಗಿನ ಬಾಗಿಲಲ್ಲಿ. ದುವಾ ಮುಗಿದ ಮೇಲೆ ಚಾಚಾ ನನ್ನನ್ನು ನೋಡದೆ, ಎಲ್ಲರಿಗೂ ಕೇಳುವ ಹಾಗೆ ಅಂದರು: "ಆಸ್ಪತ್ರ್ಯಾಗ ಏನ್ ಹೇಳಿದಿ, ಇಲ್ಲಿ ಹೇಳು."

ನಿಂತುಕೊಂಡು ಹೇಳಿದೆ. ಮೊದಲು ಕನ್ನಡದಲ್ಲಿ, ಆಮೇಲೆ ಮಗಳಿಗೆ ಒಂದು ಮಾತೂ ತಪ್ಪದಿರಲಿ ಅಂತ ಇಂಗ್ಲಿಷಿನಲ್ಲಿ. ಪಟ್ಟಿ ಕತ್ತರಿಸಿದವರು ಯಾರು ಎಂಬುದನ್ನು ಹೇಳಲಿಲ್ಲ. ಇಟ್ಟವಳು ನಾನು ಅಂದೆ. ಚಾಚಿ ಪ್ರತಿ ಬೋರ್ಡಿಗೂ ಕೂಗಿದ್ದರು, ಒಂದನ್ನೂ ಬಿಟ್ಟಿರಲಿಲ್ಲ, ಅಂದೆ. ಬಾಗಿಲಲ್ಲಿ ಮಗಳು ದುಪಟ್ಟಾದ ಅಂಚನ್ನು ಬಾಯಿಗೆ ಒತ್ತಿಕೊಂಡಳು. ಈ ಹುಡುಗಿ ಹಾಕ್ತಾಳೇನು ಅಂತ ಅವತ್ತು ಕೇಳಿದ್ದವರು ನೆಲ ನೋಡುತ್ತಿದ್ದರು.

ಚಾಚಾ ಒಂದೇ ಪ್ರಶ್ನೆ ಕೇಳಿದರು. ದನಿ ಸಣ್ಣದಿತ್ತು, ಹತ್ತಿರ ನಿಂತಿದ್ದ ನನಗಷ್ಟೇ ಕೇಳಿಸಿತು.

"ಹಂಗಾರ ನಮ್ಮ ದನಿ ಕೇಳಿ ಸುಮ್ನಾಗಿದ್ದಲ್ಲ ಅವ್ರು?"

"ಅಲ್ಲ ಚಾಚಾ. ನಾ ಹೇಳಿದ್ದು ಸುಳ್ಳು. ಅವ್ರಿಗೆ ಕೇಳೇ ಇಲ್ಲ."

"ಆರು ವಾರ ಅವ್ರಿಗೆ ಬೈಕೋತ ಅಡ್ಡಾಡಿದ್ವಿ," ಅಂದರು. "ಅಕಿ ಅಂತಿದ್ಲು, ಇರಲಿ, ಒಂದಿನ ಕೊಡ್ತಾರ ಜವಾಬು, ಹೇಳೂದು ಬಿಡಬ್ಯಾಡ ಅಂದಾಳ ಹುಡುಗಿ, ಅಂತ."

ಆಮೇಲೆ ಅವರು ಮುಖ ತಿರುಗಿಸಿ, ಊಟಕ್ಕೆ ಹಾಕಿ ಅಂತ ಒಳಗೆ ಹೇಳಿ ಕಳಿಸಿದರು. ಎಲ್ಲರಿಗೂ ತಟ್ಟೆ ಬಂತು, ನನಗೂ ಒಂದು ಬಂತು. ಕೂರು ಅಂತ ಯಾರೂ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ನಾನು ಡ್ರೈವ್‌ವೇಯ ಕೊನೆಯಲ್ಲಿ, ಗೇಟಿನ ಹತ್ತಿರ, ಅವತ್ತು ಹೆಬ್ಬೆರಳು ಎತ್ತಿ ನಿಂತಿದ್ದ ಜಾಗದಲ್ಲೇ ನಿಂತು ಉಂಡೆ. ತಟ್ಟೆಯಲ್ಲಿ ಒಂದು ಅಗುಳೂ ಬಿಡಲಿಲ್ಲ.

ಪೆನ್‌ರೋಸಿನಲ್ಲಿ ಈಗಲೂ ನಾನು ಕರೆದಾಗ ಆಫೀಸಿನಿಂದ ಉತ್ತರ ಬಾರದ ದಿನಗಳಿವೆ. ಮೊದಲು ಕ್ಲ್ಯಾಂಪು ನೋಡುತ್ತೇನೆ, ಮೀಟರು ನೋಡುತ್ತೇನೆ. ಮುಳ್ಳು ಸರಿ ಇದ್ದರೆ ಒಳಗೆ ಹೋಗಿ, ಯಾಕೆ ಉತ್ತರ ಕೊಡಲಿಲ್ಲ ಅಂತ ಕೇಳುತ್ತೇನೆ, ಉತ್ತರ ಬರುವ ತನಕ ಅಲ್ಲೇ ನಿಲ್ಲುತ್ತೇನೆ. ಹೊಸ ಗಾಡಿ ತಂದವರು ಮರಳು ಕಾಗದ ನೋಡಿ ಮುಖ ಸಣ್ಣ ಮಾಡುತ್ತಾರೆ. ಬೇಕಾದರೆ ಆಚೆ ಹೋಗಿ ನಿಲ್ಲಿ ಅಂತ ಹೇಳಿ ಕೆರೆಯುತ್ತೇನೆ.

ತನಿಖೆಯ ವರದಿ ಬಂದಾಗ ಮಗಳು ಅದರ ಒಂದು ಪುಟದ ಫೋಟೋ ನನಗೆ ಕಳಿಸಿದಳು. ಜೊತೆಗೆ ಏನೂ ಬರೆದಿರಲಿಲ್ಲ. ಒಂದು ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದಿತ್ತು. ಪ್ರಯಾಣಿಕಳು ನಿಯಮದಂತೆ ಕರೆಗಳನ್ನು ಮಾಡಿದ್ದಳು ಅಂತ ಆ ಸಾಲು ಹೇಳುತ್ತಿತ್ತು. ಗೆರೆಯನ್ನು ಯಾರೋ ಒಂದೇ ಜಾಗದಲ್ಲಿ ಎರಡು ಮೂರು ಸಲ ಎಳೆದಿದ್ದರು, ಕಾಗದ ಹರಿಯುವಷ್ಟು.